ಎಣ್ಣೆಗೆ ಭಾರವಾದವರು

ನಮ್ಮ ಅತ್ತೆಯನ್ನು ಮೀನು ತೂಗುವ ತಕ್ಕಡಿಯಲ್ಲಿ ತೂಗಿದರು. ಅಲ್ಲಿಂದಲೇ ಶುರು ಮಾಡುತ್ತೇನೆ. ಅದರ ಹಿಂದಿನದನ್ನು ಹೇಳಲು ಕೂತರೆ ನಮ್ಮ ಜನರ ಕಥೆ ಮುಗಿಯುವುದಿಲ್ಲ, ಕೇಳುವವರಿಗೂ ಪುರುಸೊತ್ತಿಲ್ಲ.

ಆ ತಕ್ಕಡಿ ದೋಣಿಗಳು ನಿಲ್ಲುವ ಧಕ್ಕೆಯ ಮೇಲಿತ್ತು. ಕಬ್ಬಿಣದ ಕೊಕ್ಕೆ, ಅದಕ್ಕೆ ನೇತುಹಾಕಿದ ಬೆತ್ತದ ದೊಡ್ಡ ಬುಟ್ಟಿ. ಕೊಲ್ಲಿಯಲ್ಲಿ ಮೀನಿದ್ದ ಕಾಲದಲ್ಲಿ ನಾವು ಹಿಡಿದು ತಂದದ್ದನ್ನೆಲ್ಲ ಅದರಲ್ಲೇ ತೂಗುತ್ತಿದ್ದರು. ಆಮೇಲೆ ಹಾಂಗ್‌ಕಾಂಗ್ ಪಟ್ಟಣಕ್ಕೆ ಕುಡಿಯುವ ನೀರು ಸಾಲದು ಎಂದು ನಮ್ಮ ಕೊಲ್ಲಿಯ ಬಾಯಿಗೆ ಅಣೆಕಟ್ಟು ಕಟ್ಟಲು ಬಂದರು. ಬಂಡೆ ಸಿಡಿಸಿದರು. ಮೀನು ಹೋಯಿತು. ಬಲೆ ಮಡಿಸಿಟ್ಟು ನಾವು ಕಂಪನಿಯ ಕೂಲಿಗಳನ್ನು ಧಕ್ಕೆಯಿಂದ ಅಣೆಕಟ್ಟಿಗೆ, ಅಣೆಕಟ್ಟಿನಿಂದ ಧಕ್ಕೆಗೆ ಸಾಗಿಸುವ ಕೆಲಸಕ್ಕೆ ಬಿದ್ದೆವು. ದೋಣಿ ನಮ್ಮದು, ಡೀಸೆಲ್ ಕಂಪನಿಯದು.

ಅತ್ತೆ ಬುಟ್ಟಿಯೊಳಗೆ ಮೊಣಕಾಲು ಮಡಚಿ ಕೂತಳು. ಎಲುಬು, ಚರ್ಮ, ಒಂದು ಕಪ್ಪು ಪಾಯಿಜಾಮ, ಅಷ್ಟೇ ಅವಳು. ಸುತ್ತ ಕೂಲಿಗಳು ನಿಂತು ನೋಡುತ್ತಿದ್ದರು. ಧಕ್ಕೆಯ ಮೇಸ್ತ್ರಿ ಚುಂಗ್, ದಡದ ಹಳ್ಳಿಯವನು, ಮುಳ್ಳು ನೋಡಿ ಹಲ್ಲು ಕಿರಿದ.

"ಏನಜ್ಜಿ, ಇಷ್ಟು ಒಣಗಿದ ಮೀನು ಯಾರಿಗ್ ಬೇಕು?"

"ತೂಕ ಸರಿಯಾಗಿ ನೋಡೋ ಮೇಸ್ತ್ರಿ," ಎಂದಳು ಅತ್ತೆ. "ಬುಟ್ಟಿ ಕೆಳಗೆ ಬೆರಳು ಕೊಟ್ಟು ತೂಗೋದನ್ನ ನಿಮ್ಮಪ್ಪನ ಕಾಲದಿಂದ ನೋಡಿದೀನಿ."

ಕೂಲಿಗಳು ಗೊಳ್ಳೆಂದು ನಕ್ಕರು. ಚುಂಗ್‌ನ ಮುಖ ಕೆಂಪಾಯಿತು. ಅತ್ತೆಯೂ ನಕ್ಕಳು. ಆದರೆ ಬುಟ್ಟಿಯಿಂದ ಇಳಿದು ದೋಣಿಗೆ ಬಂದಮೇಲೆ ನನ್ನ ಕಡೆ ಬೆನ್ನು ಹಾಕಿ ಕೂತಳು. ಗಂಜಿ ಕುಡಿ ಅಂದರೆ ಬೇಡ ಅಂದಳು. ಮೈಯೆಲ್ಲ ಹಸಿ ಮೀನಿನ ವಾಸನೆ ಬರುತ್ತಿದೆ ಎಂದು ಉಪ್ಪುನೀರು ಸೇದಿ ಮತ್ತೆ ಮತ್ತೆ ಕೈ ತೊಳೆದಳು. ಹುಟ್ಟಿದಾಗಿನಿಂದ ಮೀನಿನ ನಡುವೆಯೇ ಬದುಕಿದ ಹೆಂಗಸು.

ನನ್ನನ್ನೂ ತೂಗಿದರು. ನನ್ನ ಮಗಳು ಮುಯಿಯನ್ನೂ ತೂಗಿದರು. ನನ್ನ ಗಂಡ ಸುಯಿ-ಕಾನ್‌ನನ್ನು ಮಾತ್ರ ತೂಗಲಿಲ್ಲ. ಅವನು ಎಂಜಿನ್ ನೋಡುವವನು, ಬೇಕಾದವನು.

ಇದೆಲ್ಲ ಮಾಡಿಸಿದವನ ಹೆಸರು ಆವ್-ಯೆಂಗ್. ಕಂಪನಿಯಲ್ಲಿ ಡೀಸೆಲ್ ಉಳಿಸಲೆಂದೇ ಅವನನ್ನು ಇಟ್ಟಿದ್ದರು. ಎಳೆಯ ಪ್ರಾಯ, ಬಿಳಿ ಅಂಗಿ, ಮಾತು ಮೆತ್ತಗೆ. ಚುಂಗ್‌ನಂತೆ, ದೋಣಿಯಲ್ಲೇ ಹುಟ್ಟಿ ಬಾಳುವ ನಮ್ಮನ್ನು 'ಮೊಟ್ಟೆ ಜನ' ಎಂದು ಹೀಗಳೆಯುತ್ತಿರಲಿಲ್ಲ. ನನ್ನನ್ನು ಅಮ್ಮ ಎಂದೇ ಕರೆಯುತ್ತಿದ್ದ. ಅಂಥವರ ಮೇಲೆ ಸಿಟ್ಟು ಮಾಡುವುದೂ ಕಷ್ಟ ನೋಡಿ.

"ನೋಡಮ್ಮ," ಎಂದ ಅವನು, "ದೋಣಿ ಅಂದ್ರೆ ನೀರನ್ನ ತಳ್ಕೊಂಡು ಹೋಗೋದು. ಭಾರ ಹೆಚ್ಚಾದಷ್ಟೂ ಆಳಕ್ಕೆ ಕೂರುತ್ತೆ. ಆಳಕ್ಕೆ ಕೂತಷ್ಟೂ ಎಣ್ಣೆ ಕುಡಿಯುತ್ತೆ. ಇನ್ನು ಜೋರಾಗಿ ಓಡಿಸಿದ್ರಂತೂ ಕೇಳಲೇಬೇಡಿ. ಪ್ರತಿ ದೋಣಿಗೂ ಒಂದು ವೇಗ ಇರುತ್ತೆ. ಅಷ್ಟರಲ್ಲೇ ಹೋದ್ರೆ ಎಣ್ಣೆ ಉಳಿಯುತ್ತೆ. ಒಂಚೂರು ಮೀರಿದ್ರೆ ಎಣ್ಣೆ ಎರಡು ಪಟ್ಟು, ವೇಗ ಮಾತ್ರ ಹಾಗೇ."

"ಗೊತ್ತು ಸ್ವಾಮಿ."

"ಗೊತ್ತಿದ್ರೆ ಒಳ್ಳೇದೇ ಆಯ್ತಲ್ಲ."

ಅವನು ಹೇಳಿದ್ದು ಸುಳ್ಳಲ್ಲ. ಆ ದೋಣಿಯ ಮೇಲೆ ಬದುಕಿದವರಿಗೆ ಅದು ಕಾಲಿನ ಅಡಿಗೇ ತಿಳಿಯುತ್ತದೆ. ಆದರೂ ಅವನು ಚುಕ್ಕಾಣಿಯ ಪಕ್ಕದಲ್ಲಿದ್ದ, ಎಂಜಿನ್ನಿನ ವೇಗ ಏರಿಸುವ ಹಿಡಿಗೆ ತಂತಿ ಸುತ್ತಿಸಿ ಸೀಸದ ಸೀಲು ಹಾಕಿಸಿದ. ಹಿಡಿ ಒಂದು ಗುರುತಿನ ತನಕ ಹೋಗುತ್ತಿತ್ತು, ಮುಂದಕ್ಕೆ ಇಲ್ಲ. ಸೀಲು ಒಡೆದರೆ ಕೆಲಸ ಹೋಯಿತು ಎಂದು ಚುಂಗ್ ಎಲ್ಲ ದೋಣಿಗಳ ಮುಂದೆ ನಿಂತು ಕೂಗಿ ಹೇಳಿದ.

ಸೀಲು ಬಿದ್ದಮೇಲೂ ನಮ್ಮ ದೋಣಿ ಹೆಚ್ಚು ಕುಡಿಯಿತು. ಯಾಕೆ ಕುಡಿಯಬಾರದು? ಅದು ಮನೆ. ಅದರೊಳಗೆ ನೀರಿನ ಹಂಡೆ ಇತ್ತು, ಅಕ್ಕಿಯ ಜಾಡಿ ಇತ್ತು, ಒಲೆ, ಹಾಸಿಗೆ, ಕಡಲವ್ವ ತಿನ್-ಹಾವ್‌ಳ ಮರದ ಮಂಟಪ, ನನ್ನ ಮಾವ ಬಿಟ್ಟುಹೋದ ಉದ್ದನೆಯ ಹುಟ್ಟು ಇತ್ತು. ಆವ್-ಯೆಂಗ್ ದೋಣಿಯೊಳಗೆ ತಲೆ ಬಗ್ಗಿಸಿಕೊಂಡು ಬಂದು ಒಂದೊಂದಕ್ಕೂ ಬೆರಳು ತೋರಿಸಿದ. ಇದು ಬೇಕಾ? ಇದು ಬೇಕಾ?

"ಇದು ನಮ್ಮನೆ ಸ್ವಾಮಿ," ಎಂದೆ.

"ಮನೆಗೆ ನಾನು ಎಣ್ಣೆ ಕೊಡಲ್ಲಮ್ಮ. ದೋಣಿಗೆ ಕೊಡ್ತೀನಿ."

ಹಂಡೆ ಇಳಿಯಿತು. ಮಂಟಪ ಇಳಿಯಿತು. ಹುಟ್ಟನ್ನು ನಾನು ಮತ್ತು ಸುಯಿ-ಕಾನ್ ಹೆಗಲ ಮೇಲೆ ಹೊತ್ತು ಧಕ್ಕೆಯ ಮೇಲಿಟ್ಟೆವು. ಎಂಜಿನ್ ಇರುವಾಗ ಹುಟ್ಟು ಯಾಕೆ ಎಂದು ಕೇಳಿದರು. ಬಿಸಿಲಿಗೆ ಅದು ಸೀಳು ಬಿಟ್ಟಿತು. ಹಳ್ಳಿಯವರು ಯಾರೋ ಕಡಿದು ಒಲೆಗೆ ಹಾಕಿಕೊಂಡರು.

ಆಮೇಲೂ ದೋಣಿ ಒಂಚೂರು ಹೆಚ್ಚೇ ಕುಡಿಯಿತು. ಇಳಿಸಲು ಇನ್ನು ವಸ್ತು ಉಳಿದಿರಲಿಲ್ಲ. ಆಗಲೇ ತಕ್ಕಡಿ ಬಂದದ್ದು.

"ಕೆಲಸದ ಹೊತ್ತಲ್ಲಿ ಅಜ್ಜಿ, ಮಗು ದಡದಲ್ಲಿರ್ಲಿ," ಎಂದ ಆವ್-ಯೆಂಗ್. "ಅಷ್ಟಾದ್ರೆ ನಿಮ್ಮ ದೋಣಿ ಸರಿಹೋಗುತ್ತೆ."

"ದಡದಲ್ಲಿ ಎಲ್ಲಿ?"

"ಎಲ್ಲಾದ್ರೂ. ಅಷ್ಟು ದೊಡ್ಡ ದಡ ಇದೆಯಲ್ಲ!"

ನನಗೆ ನಗು ಬಂತು. ದಡ ದೊಡ್ಡದೇ. ಅದರಲ್ಲಿ ನಮಗೆ ಅಂತ ಒಂದು ಚಾಪೆಯಷ್ಟು ಜಾಗವೂ ಇಲ್ಲ ಎಂಬುದು ಪಟ್ಟಣದಿಂದ ಬಂದ ಈ ಹುಡುಗನಿಗೆ ಹೇಗೆ ತಿಳಿಯಬೇಕು? ಉಪ್ಪುನೀರು ಮುಟ್ಟುವ ಮೆಟ್ಟಿಲಿನ ತನಕ ನೀವು, ಅದರ ಮೇಲೆ ನಾವು ಎಂದು ಹಳ್ಳಿಯವರು ಹೇಳಿದ್ದು ನನ್ನ ಅಜ್ಜಿಯ ಅಜ್ಜಿಗೆ. ಬರೆದಿಟ್ಟ ಕಾಯಿದೆ ಅಲ್ಲ. ಕಾಯಿದೆ ಆಗಿದ್ದರೆ ಯಾರಾದರೂ ಬಂದು ತಿದ್ದುತ್ತಿದ್ದರೇನೋ. ನಾವು ಅಕ್ಕಿ ಕೊಳ್ಳಲು ಹೋದರೆ ಅಂಗಡಿಯವನು ಹೊಸ್ತಿಲಾಚೆಯಿಂದ ಕೊಡುತ್ತಾನೆ. ಬಾವಿಯ ಹತ್ತಿರ ನಿಂತರೆ ಹೆಂಗಸರು ಕೊಡ ಎತ್ತಿಕೊಂಡು ಹೋಗುತ್ತಾರೆ.

ಸುಯಿ-ಕಾನ್ ಎಂಜಿನ್ನಿನ ಪಕ್ಕ ಕೂತು ಚಿಂದಿಯಿಂದ ಕೈ ಒರೆಸುತ್ತಲೇ ಇದ್ದ.

"ನಿಮ್ಮವ್ವನ ವಿಷ್ಯ ಕಣಯ್ಯಾ, ಏನಾದ್ರೂ ಹೇಳು," ಎಂದೆ.

"ಏನ್ ಹೇಳ್ಲಿ? ಇಲ್ಲ ಅಂದ್ರೆ ನಾಳೆ ಬೆಳಿಗ್ಗೆ ಎಣ್ಣೆ ಕೊಡಲ್ಲ."

"ನಾನು ಇಳೀತೀನಿ ಬಿಡೇ," ಎಂದಳು ಅತ್ತೆ. "ಅವನ ಜೀವ ಯಾಕೆ ತಿಂತೀಯ? ನನ್ನ ತೂಕಕ್ಕೆ ದೋಣಿ ಮುಳುಗೋ ಹಂಗಾಯ್ತು ಅಂದ್ರೆ ನಾನೇನ್ ಕಮ್ಮಿ ಹೆಂಗಸಾ?"

ಮಾರನೆಯ ಬೆಳಿಗ್ಗೆಯೇ ಇಳಿದಳು. ಮುಯಿಯನ್ನು ಬೆನ್ನಿಗೆ ಕಟ್ಟಿಕೊಂಡು, ಗಂಜಿಯ ಡಬ್ಬಿ ಹಿಡಿದುಕೊಂಡು. ಮೊದಲು ಆಲದ ಮರದ ಕೆಳಗೆ ಹೋಗಿ ಕೂತಳು. ಅಲ್ಲಿ ಹಳ್ಳಿಯ ಭೂದೇವರ ಗುಡಿ ಇದೆ, ಏಳು ಎಂದು ಚುಂಗ್‌ನ ತಾಯಿಯೇ ಬಂದು ಎಬ್ಬಿಸಿದಳು. ಉಗ್ರಾಣದ ಗೋಡೆಯ ನೆರಳಿಗೆ ಹೋದಳು. ಕಳ್ಳತನ ಮಾಡಲು ಬಂದೆಯಾ ಎಂದು ಕಾವಲುಗಾರ ಓಡಿಸಿದ. ಅಲುಗದ ನೆಲದ ಮೇಲೆ ನಿಂತರೆ ಅವಳಿಗೆ ತಲೆ ತಿರುಗುತ್ತಿತ್ತು. ನೆಲದವರಿಗೆ ದೋಣಿಯಲ್ಲಿ ಆಗುವ ಹಾಗೆ ನಮಗೆ ನೆಲದಲ್ಲಿ ಆಗುತ್ತದೆ. ಆ ದಿನ ಅವಳು ಧಕ್ಕೆಯ ಮೂಲೆಯಲ್ಲಿ ವಾಂತಿ ಮಾಡಿಕೊಂಡಳು. ಚುಂಗ್ ಅವಳಿಂದಲೇ ಅದನ್ನು ತೊಳೆಸಿದ.

ಕೊನೆಗೆ ಮೆಟ್ಟಿಲಿಗೇ ಬಂದಳು. ಧಕ್ಕೆಯ ಪಕ್ಕದಿಂದ ನೀರಿಗೆ ಇಳಿಯುವ ಕಲ್ಲಿನ ಮೆಟ್ಟಿಲು. ಇಳಿತವಿದ್ದಾಗ ಕೆಳಗಿನ ಮೆಟ್ಟಿಲಲ್ಲಿ ಕೂರುವುದು. ನೀರು ಏರಿದಂತೆ ಒಂದೊಂದೇ ಮೆಟ್ಟಿಲು ಮೇಲಕ್ಕೆ ಜರುಗುವುದು. ಭರತ ಪೂರ್ತಿ ಏರಿದಾಗ ಪಾಚಿ ಕಟ್ಟಿದ ಮೇಲ್ಕೊನೆಯ ಮೆಟ್ಟಿಲಲ್ಲಿ, ಕಾಲು ನೀರಲ್ಲಿಟ್ಟು, ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕಾಯುವುದು. ದಿನಾ ಇಷ್ಟೇ ಅವಳ ಕೆಲಸ. ಸಂಜೆ ನಾವು ಹತ್ತಿಸಿಕೊಳ್ಳುವಾಗ ಅವಳ ಪಾದದ ಚರ್ಮ ಬೆಳ್ಳಗೆ ಮುದುಡಿಕೊಂಡಿರುತ್ತಿತ್ತು. ನಾನು ಶುಂಠಿ ಜಜ್ಜಿ ತಿಕ್ಕುತ್ತಿದ್ದೆ.

"ಇವತ್ತೆಷ್ಟು ಎಣ್ಣೆ ಉಳಿಸಿದೆ ನಾನು?" ಎಂದು ದಿನಾ ಕೇಳುತ್ತಿದ್ದಳು. ತಮಾಷೆಗೇ. ನನಗೆ ಮಾತ್ರ ಮೈಯೆಲ್ಲ ಉರಿಯುತ್ತಿತ್ತು.

ಇತ್ತ ಬಿಳಿ ಸಾಹೇಬರಿಗೆ ಬೇರೆ ದೋಣಿ ಇತ್ತು. ಸಾಹೇಬರು ಅಂದರೆ ಅಣೆಕಟ್ಟಿನ ದೊಡ್ಡ ಇಂಜಿನಿಯರುಗಳು. ಅವರ ದೋಣಿ ನೀರನ್ನು ತಳ್ಳುವುದಿಲ್ಲ, ನೀರಿನ ಮೇಲೆ ಜಾರುತ್ತದೆ. ನಮ್ಮ ದೋಣಿಗಳೆಲ್ಲ ಸೇರಿ ಕುಡಿಯುವುದನ್ನು ಅದೊಂದೇ ಕುಡಿಯುತ್ತಿತ್ತು. ಭಾನುವಾರ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಅದರಲ್ಲೇ ದ್ವೀಪಗಳನ್ನು ಸುತ್ತುತ್ತಿದ್ದರು. ಅವರನ್ನು ಯಾರೂ ತೂಗಿರಲಿಲ್ಲ. ಅದಕ್ಕೆ ಸೀಲು ಯಾಕಿಲ್ಲ ಎಂದು ನಾನು ಆವ್-ಯೆಂಗ್‌ನನ್ನು ಕೇಳಿದೆ.

"ಅದು ನನ್ನ ಕೈಯಲ್ಲಿಲ್ಲಮ್ಮ," ಎಂದ. ನಾಚಿಕೊಂಡೇ ಹೇಳಿದ ಅನ್ನಿ.

ಆ ದೋಣಿಯ ಅಲೆಯ ಬಗ್ಗೆ ಹೇಳಬೇಕು. ಪೂರ್ತಿ ವೇಗದಲ್ಲಿರುವಾಗ ಅದು ದೊಡ್ಡ ಅಲೆ ಎಬ್ಬಿಸುವುದಿಲ್ಲ. ವೇಗ ಇಳಿಸುವಾಗಲೇ ಕೆಡುಕು. ಮೂತಿ ಮೇಲೆದ್ದು, ಹಿಂಭಾಗ ನೀರೊಳಗೆ ಕುಸಿದು, ಹಿಂದಿನಿಂದ ಒಂದು ಗೋಡೆಯಂಥ ಅಲೆ ಏಳುತ್ತದೆ. ದೋಣಿ ನಿಂತರೂ ಅಲೆ ನಿಲ್ಲುವುದಿಲ್ಲ. ದೂರದಲ್ಲೇ ವೇಗ ಇಳಿಸಿದರೆ ಅಲೆ ಕೊಲ್ಲಿಯಲ್ಲೇ ಕರಗಿ ಹೋಗುತ್ತದೆ. ಸಾಹೇಬರಿಗೆ ಅಷ್ಟು ತಾಳ್ಮೆ ಎಲ್ಲಿಯದು? ಧಕ್ಕೆಯ ಹತ್ತಿರ ಬಂದಮೇಲೆ ಒಮ್ಮೆಗೇ ಇಳಿಸುತ್ತಿದ್ದರು. ನಾವು ದೋಣಿಯವರು ಚುಂಗ್‌ಗೆ ಹೇಳಿದೆವು. ಚುಂಗ್ ಸಾಹೇಬರಿಗೆ ಹೇಳುತ್ತೇನೆ ಅಂದ. ಹೇಳಿದನೋ ಬಿಟ್ಟನೋ.

ಆವತ್ತು ಮಧ್ಯಾಹ್ನ. ನಾವು ಅಣೆಕಟ್ಟಿನಿಂದ ಕೂಲಿಗಳನ್ನು ತುಂಬಿಕೊಂಡು ವಾಪಸ್ಸು ಬರುತ್ತಿದ್ದೆವು. ಸುಯಿ-ಕಾನ್ ಕೆಳಗೆ ಎಂಜಿನ್ನಿನ ಹತ್ತಿರ, ನಾನು ಚುಕ್ಕಾಣಿಯಲ್ಲಿ. ಭರತದ ಹೊತ್ತು. ಧಕ್ಕೆ ಕಾಣುತ್ತಿತ್ತು. ಮೆಟ್ಟಿಲಿನ ಮೇಲೆ ಅತ್ತೆಯ ಅಗಲ ಟೋಪಿ ಕಾಣುತ್ತಿತ್ತು. ಮುಯಿ ಅವಳ ಪಕ್ಕ ನಿಂತಿದ್ದಳು. ಅತ್ತೆ ಮಗುವಿನ ಸೊಂಟಕ್ಕೆ ಹಗ್ಗ ಕಟ್ಟಿ, ಹಗ್ಗದ ಇನ್ನೊಂದು ತುದಿಯನ್ನು ಕಲ್ಲಿಗೆ ಜಡಿದ ಕಬ್ಬಿಣದ ಬಳೆಗೆ ಬಿಗಿದಿದ್ದಳು. ನಾವು ಮಕ್ಕಳನ್ನು ಹಾಗೇ ಸಾಕುವುದು.

ಹಿಂದಿನಿಂದ ಸಾಹೇಬರ ದೋಣಿ ಬಂತು. ನಮ್ಮನ್ನು ದಾಟುವಾಗ ಒಬ್ಬ ಕೈ ಬೀಸಿದ. ಕೂಲಿಗಳೂ ಬೀಸಿದರು. ಅದು ಹೋಯಿತು, ಹೋಯಿತು, ಧಕ್ಕೆಯ ತೀರ ಹತ್ತಿರ ಹೋಯಿತು. ಆಮೇಲೆ ಅದರ ಮೂತಿ ಮೇಲೆದ್ದಿತು.

"ಅತ್ತೇ!" ಎಂದು ಕಿರಿಚಿದೆ. ಎಂಜಿನ್ನಿನ ಸದ್ದಿನಲ್ಲಿ ನನ್ನ ಕೂಗು ನನಗೇ ಕೇಳಲಿಲ್ಲ.

ಅತ್ತೆ ಅಲೆಯನ್ನು ನೋಡಿದಳು. ಅವಳು ನೋಡಿದ್ದನ್ನು ನಾನು ನೋಡಿದೆ. ನೆಲದ ಹೆಂಗಸಾಗಿದ್ದರೆ ಎದ್ದು ಮೇಲಕ್ಕೆ ಓಡುತ್ತಿದ್ದಳು. ಅವಳು ಕುಕ್ಕರಗಾಲಲ್ಲಿ ಕೂತಳು. ಮೈ ಸಡಿಲ ಬಿಟ್ಟಳು. ಅಲೆ ಬಂದರೆ ನಾವು ದೋಣಿಯವರು ಯಾರೂ ಎದ್ದು ನಿಲ್ಲುವುದಿಲ್ಲ, ತಗ್ಗಿ ಕೂರುತ್ತೇವೆ. ಅಲೆ ಬಂದಾಗ ದೋಣಿ ಏಳುತ್ತದೆ, ಅದರ ಜೊತೆ ನಾವೂ ಏಳುತ್ತೇವೆ, ಅದು ಇಳಿದಾಗ ಇಳಿಯುತ್ತೇವೆ. ಹುಟ್ಟಿದಾಗಿನಿಂದ ಅವಳ ಮೈ ಕಲಿತದ್ದು ಅದೊಂದೇ. ಮೆಟ್ಟಿಲು ಕಲ್ಲಿನದು. ಅದು ಏಳಲಿಲ್ಲ.

ಅಲೆ ಅವಳ ತಲೆಯ ಮೇಲೆ ಹಾದುಹೋಯಿತು. ಟೋಪಿ ಮೊದಲು ತೇಲಿತು. ಅವಳು ಪಾಚಿಯ ಮೇಲೆ ಜಾರುತ್ತ ಕೆಳಗೆ ಹೋದಳು. ಮುಯಿ ಹಗ್ಗದ ತುದಿಯಲ್ಲಿ ನೇತಾಡಿದಳು.

ಆಗ ನಾನು ಹಿಡಿಯನ್ನು ನೂಕಿದೆ. ಸೀಲಿಗೆ ತಾಗಿ ನಿಂತಿತು. ಎರಡೂ ಕೈ ಹಾಕಿ, ಕಾಲು ಕೊಟ್ಟು ಒದ್ದೆ. ತಂತಿ ಅಂಗೈಯನ್ನು ಸೀಳಿತು. ಸೀಸ ಹಾರಿಹೋಯಿತು. ಹಿಡಿ ಕೊನೆಯ ತನಕ ಹೋಯಿತು.

ಎಂಜಿನ್ ಬೊಬ್ಬೆ ಹಾಕಿತು. ಕರೀ ಹೊಗೆ ಎದ್ದಿತು. ದೋಣಿಯ ಹಿಂಭಾಗ ತಗ್ಗಿತು, ಮುಂದೆ ಮೂತಿಯಲ್ಲಿ ನೀರು ಗುಡ್ಡೆಯಾಗಿ ನಿಂತಿತು. ನಾವು ಆ ಗುಡ್ಡೆಯನ್ನು ಹತ್ತಲು ನೋಡುತ್ತಿದ್ದೆವು. ಹತ್ತಲು ಆಗಲಿಲ್ಲ. ಧಕ್ಕೆ ಇದ್ದಲ್ಲೇ ಇತ್ತು. ಎಂಜಿನ್ ಎಷ್ಟು ಕೂಗಿದರೂ ದೋಣಿ ತನ್ನ ಅದೇ ನಡಿಗೆಯಲ್ಲೇ ಹೋಯಿತು. ಆವ್-ಯೆಂಗ್ ಹೇಳಿದ ಹಾಗೇ ಆಯಿತು. ಎಣ್ಣೆ ಎರಡು ಪಟ್ಟು, ವೇಗ ಮಾತ್ರ ಹಾಗೇ.

"ಏಯ್, ಮುಳುಗಿಸ್ತೀಯೇನೇ ನಮ್ಮನ್ನ?" ಎಂದು ಕೂಲಿಯೊಬ್ಬ ನನ್ನ ಭುಜ ಹಿಡಿದೆಳೆದ. ನಾನು ಅವನ ಕೈ ಕಚ್ಚಿದೆ.

ಧಕ್ಕೆಯ ಮೇಲೆ ಚುಂಗ್ ನಿಂತಿದ್ದ. ಸಾಹೇಬರ ದೋಣಿಯಿಂದ ಎಸೆದ ಹಗ್ಗ ಹಿಡಿದು ಕಟ್ಟುತ್ತಿದ್ದ. ಮಗು ಅಳುವುದು ಅವನಿಗೆ ಕೇಳಿಸಿರಬೇಕು, ತಿರುಗಿ ನೋಡಿದ. ಮತ್ತೆ ಹಗ್ಗಕ್ಕೆ ಇನ್ನೊಂದು ಸುತ್ತು ಹಾಕಿದ. ಸಾಹೇಬರು ಇಳಿದಮೇಲೆ ಮೆಟ್ಟಿಲ ಕಡೆ ಬಂದ. ಅಷ್ಟರಲ್ಲಿ ನೀರಿನ ಮೇಲೆ ಟೋಪಿ ಒಂದೇ ಇತ್ತು.

ನೀರಿನ ಮೇಲೆ ಹುಟ್ಟಿದವರಿಗೆ ಈಜು ಬರುವುದಿಲ್ಲ ಅಂದರೆ ನೀವು ನಗುತ್ತೀರಿ. ನಗಿ. ನಮ್ಮಲ್ಲಿ ಹೆಚ್ಚಿನವರಿಗೆ ಬರುವುದಿಲ್ಲ. ನೀರಿಗೆ ಬಿದ್ದರೆ ದೋಣಿಯವರು ಯಾರಾದರೂ ಹುಟ್ಟು ಚಾಚುತ್ತಾರೆ, ಹಗ್ಗ ಎಸೆಯುತ್ತಾರೆ ಎಂದು ನಂಬಿಕೊಂಡಿರುತ್ತೇವೆ. ಅತ್ತೆ ಬಿದ್ದಾಗ ಅವಳ ಹತ್ತಿರ ದೋಣಿಯೇ ಇರಲಿಲ್ಲ.

ನಾವು ತಲುಪಿದಮೇಲೆ ನಾನು ಮುಯಿಯನ್ನು ಹಗ್ಗ ಹಿಡಿದು ಎಳೆದುಕೊಂಡೆ, ಸುಯಿ-ಕಾನ್ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದ. ಧಕ್ಕೆಯ ಕಂಬಗಳ ನಡುವೆ ಅವಳು ಸಿಕ್ಕಳು. ಕಂಬಕ್ಕೆ ಅಂಟಿದ ಚಿಪ್ಪುಗಳು ಮುಖವನ್ನೆಲ್ಲ ಗೀರಿದ್ದವು. ಅವಳನ್ನು ತಲೆಕೆಳಗೆ ಮಾಡಿ ನೀರು ಕಕ್ಕಿಸಿದೆವು. ಬೆನ್ನು ತಿಕ್ಕಿದೆವು. ಬಾಯಿಂದ ಬೆಳಗಿನ ಗಂಜಿ ಬಂತು. ಉಸಿರು ಬರಲಿಲ್ಲ.

ಒಬ್ಬ ಸಾಹೇಬ ಟೋಪಿ ತೆಗೆದು ನಿಂತ. ಆವ್-ಯೆಂಗ್ ಓಡಿ ಬಂದ. ಅವನ ಮುಖ ಸುಣ್ಣದ ಹಾಗೆ ಬಿಳಿಚಿಕೊಂಡಿತ್ತು.

"ಇವರು ಅಲ್ಲ್ಯಾಕೆ ಕೂತಿದ್ರು?"

"ನೀವೇ ಕೂರಿಸಿದ್ದು."

"ನಾನು ದೋಣಿಯಿಂದ ಇಳಿಸಿ ಅಂದೆ ಅಷ್ಟೇ ಅಮ್ಮ. ಅಲ್ಲಿ ಕೂರಿಸಿ ಅನ್ನಲಿಲ್ಲ."

ಅವನು ಸುಳ್ಳು ಹೇಳಲಿಲ್ಲ. ಅವನು ಯಾವತ್ತೂ ಸುಳ್ಳು ಹೇಳಿದವನಲ್ಲ. ನಾನು ಅವನ ಬಿಳಿ ಅಂಗಿಯನ್ನು ಹಿಡಿದುಕೊಂಡೆ. ನನ್ನ ಅಂಗೈಯ ರಕ್ತ ಅದಕ್ಕೆ ಅಂಟಿತು. ಹೊಡೆಯಬೇಕು ಅಂತಿದ್ದೆ. ಚುಂಗ್ ಬಂದು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ.

ಹಳ್ಳಿಯ ಗುಡ್ಡದಲ್ಲಿ ಹೂಳಲು ಬಿಡಲಿಲ್ಲ. ಕೇಳಿದ್ದೇ ನಮ್ಮ ತಪ್ಪು ಅನ್ನುವ ಹಾಗೆ ನೋಡಿದರು. ಬೋಳು ದ್ವೀಪವೊಂದರ ಮರಳಿನಲ್ಲಿ ಹೂತು, ಊದುಬತ್ತಿ ಹಚ್ಚಿ ಬಂದೆವು. ಗಾಳಿಗೆ ಬತ್ತಿ ನಿಲ್ಲಲಿಲ್ಲ. ಸುಯಿ-ಕಾನ್ ಅಂಗೈ ಅಡ್ಡ ಹಿಡಿದು ಮತ್ತೆ ಮತ್ತೆ ಹಚ್ಚಿದ. ಅವನು ಅತ್ತಿದ್ದರೆ ನನಗೆ ಎಷ್ಟೋ ಸಮಾಧಾನ ಆಗುತ್ತಿತ್ತು.

ಅಲ್ಲಿಂದ ಬಂದ ಮಾರನೆಯ ಬೆಳಿಗ್ಗೆ ಚುಂಗ್ ತಂತಿ, ಸೀಸ, ಇಕ್ಕಳ ಹಿಡಿದುಕೊಂಡು ದೋಣಿಗೆ ಕಾಲಿಟ್ಟ.

"ಸೀಲು ಒಡ್ದಿದ್ದಕ್ಕೆ ಕೆಲಸ ಹೋಗ್ಬೇಕಿತ್ತು. ಸಾವಿನ ಮನೆ ಅಂತ ಆವ್-ಯೆಂಗ್ ಸಾಹೇಬ್ರು ಮಾಫಿ ಮಾಡಿದಾರೆ. ಪುಣ್ಯಾತ್ಮರು. ಸರಿ, ಹೊಸದು ಹಾಕ್ತೀನಿ, ಜರುಗು."

"ಹಾಕ್ಬೇಡ."

"ಏನಂದೆ?"

"ಹಾಕ್ಬೇಡ ಅಂದೆ. ಈ ದೋಣಿಗೆ ಇನ್ನು ಸೀಸ ಬೀಳಲ್ಲ. ಈ ದೋಣಿಯಿಂದ ಇನ್ನು ಯಾರೂ ಇಳಿಯಲ್ಲ."

"ತಲೆ ಕೆಟ್ಟಿದ್ಯಾ? ಲೋ ಸುಯಿ-ಕಾನ್, ನಿನ್ನ ಹೆಂಡ್ತಿಗೆ ಹೇಳೋ."

ಸುಯಿ-ಕಾನ್ ಎಂಜಿನ್ನಿನ ಕೋಣೆಯಿಂದ ತಲೆ ಹೊರಗೆ ಹಾಕಿ ನನ್ನನ್ನು ನೋಡಿದ. ಹೇಳಬೇಡ ಎಂದು ನಾನು ಕಣ್ಣಲ್ಲೇ ಬೇಡಿಕೊಂಡೆ. ಅವನು ಹೇಳಲಿಲ್ಲ. ನನ್ನ ಪರವಾಗಿಯೂ ಏನೂ ಹೇಳಲಿಲ್ಲ. ಅಷ್ಟಾದರೂ ಆಯಿತಲ್ಲ ಎಂದುಕೊಂಡೆ.

ಚುಂಗ್ ಇಬ್ಬರನ್ನು ಕರೆತಂದು ನಮ್ಮ ಟ್ಯಾಂಕಿನಿಂದ ಡೀಸೆಲ್ಲನ್ನು ಕೊನೆಯ ಹನಿಯ ತನಕ ತೆಗೆಸಿದ. ಅದು ಕಂಪನಿಯದು, ಸರಿ. ಆಮೇಲೆ ದೋಣಿಯನ್ನು ಅಲ್ಲಿಂದ ತೆಗಿ ಎಂದ.

"ಹೇಗ್ ತೆಗೀಲಿ? ಎಣ್ಣೆ ನೀನ್ ತಗೊಂಡೆ, ಹುಟ್ಟು ನಿಮ್ಮೂರವ್ರು ಸುಟ್ಕೊಂಡ್ರು. ಊದಿ ಓಡಿಸ್ಲಾ?"

ಅವನು ಉಗಿದು ಹೋದ. ದೋಣಿ ಮೆಟ್ಟಿಲಿನ ಪಕ್ಕದಲ್ಲೇ ಬಿದ್ದುಕೊಂಡಿತು. ಸುಯಿ-ಕಾನ್ ಎರಡು ದಿನ ಸುಮ್ಮನೆ ಕೂತ. ಆಮೇಲೆ ಅದೇ ಕಂಪನಿಯಲ್ಲಿ ಕಲ್ಲು ಹೊರಲು ಹೋದ. ದೋಣಿಯಲ್ಲಿ ಮಡಚಿ ಮಡಚಿ ಬಾಗಿದ ಅವನ ಕಾಲುಗಳನ್ನು ನೋಡಿ ಏಡಿ ಬಂತು ಎಂದು ಅಲ್ಲಿ ನಗುತ್ತಿದ್ದರಂತೆ. ಅನ್ನ ಬೇಕಲ್ಲ. ನಾನು ಯಾವ ಬಾಯಿಂದ ಬೇಡ ಅನ್ನಲಿ?

ಕೂಲಿಗಳನ್ನು ಸಾಗಿಸುವ ನಮ್ಮ ಸರದಿಯನ್ನು ನನ್ನ ಅಣ್ಣ ತಿನ್-ಶಿಂಗ್‌ಗೆ ಕೊಟ್ಟರು. ನನ್ನ ಒಡಹುಟ್ಟಿದವನು. ಅವನ ದೋಣಿ ನಮ್ಮದಕ್ಕಿಂತ ಹಳೆಯದು. ಅದರಲ್ಲಿ ಅವನ ಹೆಂಡತಿ, ಮೊಲೆ ಕುಡಿಯುವ ಮಗು, ನನ್ನ ಹೆತ್ತವ್ವ. ಒಂದು ಬೆಳಿಗ್ಗೆ ಅವನು ದೋಣಿಯನ್ನು ಮೆಟ್ಟಿಲಿಗೆ ತಾಗಿಸಿ ಅವ್ವನ ಕೈ ಹಿಡಿದು ಇಳಿಸುತ್ತಿದ್ದ. ನಾನು ನೋಡುತ್ತಿದ್ದೇನೆ ಎಂದು ಅವನಿಗೆ ಗೊತ್ತಿತ್ತು.

"ನಾಚಿಕೆ ಆಗಲ್ವಾ ಅಣ್ಣಾ? ಆ ಕಲ್ಲಿನ್ನೂ ಒಣಗಿಲ್ಲ."

"ಸುಮ್ನಿರೇ ಕಾಮ್-ತೈ. ನಾನು ಬೇಡ ಅಂದ್ರೆ ಇನ್ನೊಬ್ಬ ಹೂಂ ಅಂತಾನೆ. ನಿನ್ನ ಸಿಟ್ಟನ್ನ ಬೇಯಿಸಿ ಉಣ್ಣಕ್ಕಾಗುತ್ತಾ ನನ್ನ ಮನೆಯವ್ರಿಗೆ?"

ನಾನು ಹಲಗೆ ಹಾಕಿ ಅವ್ವನನ್ನು ನಮ್ಮ ದೋಣಿಗೆ ಹತ್ತಿಸಿಕೊಂಡೆ. ಅವ್ವ ದೋಣಿಯ ಮೇಲೆ ಕಾಲಿಟ್ಟ ಕೂಡಲೇ ಉಸ್ಸಪ್ಪಾ ಎಂದು ಕೂತಳು. ಮುಯಿ ಹೋಗಿ ಅವಳ ಮಡಿಲು ಸೇರಿದಳು. ಮಗುವಿನ ಕಣ್ಣು ಮಾತ್ರ ಮೆಟ್ಟಿಲಿನ ಕಡೆಗೇ ಇತ್ತು.

ಅವ್ವನನ್ನು ನೋಡಿ ಬೇರೆಯವರೂ ಬಂದರು. ಒಂದು ದೋಣಿಯ ಕುರುಡ ಮುದುಕ. ಇನ್ನೊಂದರ ಬಸುರಿ ಹೆಂಗಸು. ಮಕ್ಕಳು. ಬೆಳಿಗ್ಗೆ ಕೂಲಿಗಳನ್ನು ಹತ್ತಿಸಿಕೊಳ್ಳುವ ಮುಂಚೆ ಎಲ್ಲ ದೋಣಿಗಳೂ ನಮ್ಮ ದೋಣಿಗೆ ತಾಗಿ ನಿಂತು ತಮ್ಮ ತಮ್ಮವರನ್ನು ಇಳಿಸಿ ಹೋಗುತ್ತಿದ್ದವು. ಅಕ್ಕಿ, ಒಣಮೀನು ಕೊಟ್ಟು ಹೋಗುತ್ತಿದ್ದರು. ಒಂದೇ ಒಲೆಯಲ್ಲಿ ಗಂಜಿ ಕಾಯಿಸಿ ಎಲ್ಲರೂ ಕುಡಿಯುತ್ತಿದ್ದೆವು. ದೋಣಿ ಎಷ್ಟು ತಗ್ಗಿತೆಂದರೆ ಅಂಚಿಗೂ ನೀರಿಗೂ ಗೇಣಷ್ಟೇ ಅಂತರ. ಸಾಹೇಬರ ದೋಣಿ ಬಂದಾಗ ಎಲ್ಲರೂ ಒಟ್ಟಿಗೆ ತಗ್ಗಿ ಕೂರುತ್ತಿದ್ದೆವು. ಅಲೆ ಬಂದಾಗ ದೋಣಿ ಎದ್ದು ಇಳಿಯುತ್ತಿತ್ತು. ಯಾರಿಗೂ ಏನೂ ಆಗುತ್ತಿರಲಿಲ್ಲ. ಆಗ ನನಗೆ ಒಂಥರಾ ಹೆಮ್ಮೆ ಅನ್ನಿಸುತ್ತಿತ್ತು. ನಾನು ಏನೋ ಗೆದ್ದಿದ್ದೇನೆ ಅನ್ನಿಸುತ್ತಿತ್ತು. ನೀವು ತೂಗಿ ಇಳಿಸಿದವರನ್ನೆಲ್ಲ ನಾನು ಹೊತ್ತಿದ್ದೇನೆ, ನೋಡ್ರೋ ಎಂದು ಚುಂಗ್‌ನ ಮುಖಕ್ಕೆ ಹೇಳಬೇಕು ಎಂದುಕೊಂಡಿದ್ದೆ.

ಅವನೇ ಒಂದು ದಿನ ಧಕ್ಕೆಯ ಅಂಚಿಗೆ ಬಂದು ನಿಂತು ನಮ್ಮನ್ನೆಲ್ಲ ನೋಡಿದ. ಬೈಯಲಿಲ್ಲ. ತಲೆದೂಗಿದ.

"ಒಳ್ಳೇ ಕೆಲ್ಸ ಮಾಡ್ದೆ ಕಣೇ. ಇನ್ನು ಮೆಟ್ಟಿಲ ಮೇಲೆ ಯಾರನ್ನೂ ಕಾಯೋ ತಲೆನೋವಿಲ್ಲ. ಈ ಬುದ್ಧಿ ಮೊದ್ಲೇ ಬಂದಿದ್ರೆ ನಿಮ್ಮತ್ತೆ ಬದುಕಿರ್ತಿದ್ಲು."

ನಾನು ತಗ್ಗಿ ಒಲೆಗೆ ಇನ್ನೊಂದು ಕಟ್ಟಿಗೆ ತುರುಕಿದೆ.

ಆವ್-ಯೆಂಗ್ ಕೂಡ ಬಂದ. ಮೇಲಿನಿಂದಲೇ ಕೈ ಮುಗಿದ. ನಿಮ್ಮಿಂದ ತುಂಬ ಉಪಕಾರವಾಯಿತಮ್ಮ ಎಂದ. ಎಲ್ಲ ದೋಣಿಗಳೂ ಈಗ ಹಗುರವಾಗಿವೆಯಂತೆ. ಎಣ್ಣೆ ಅವನು ಅಂದುಕೊಂಡದ್ದಕ್ಕಿಂತ ಹೆಚ್ಚು ಉಳಿಯುತ್ತಿದೆಯಂತೆ. ಮಕ್ಕಳಿಗೆಂದು ಒಂದು ಪೊಟ್ಟಣ ಬಿಸ್ಕತ್ತು ಎಸೆದ. ಮಕ್ಕಳು ಕಿತ್ತಾಡಿಕೊಂಡು ತಿಂದವು. ಬೇಡ ಎನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ಪೊಟ್ಟಣ ಖಾಲಿಯಾಗಿತ್ತು.

ಅದಾದ ಸಂಜೆ ತಿನ್-ಶಿಂಗ್ ಅವ್ವನನ್ನು ಕರೆದೊಯ್ಯಲು ಬಂದ. ಡೀಸೆಲ್ ಡಬ್ಬಿಯನ್ನು ನನ್ನ ಮುಂದೆ ಕುಕ್ಕಿದ.

"ಖುಷಿ ಆಯ್ತಾ? ಎಣ್ಣೆ ಕಮ್ಮಿ ಮಾಡಿದ್ರು, ಎಲ್ರಿಗೂ. ಹಗುರದ ದೋಣಿಗೆ ಅಷ್ಟು ಯಾಕೆ ಅಂತ ಕೇಳ್ತಾನೆ ಆವ್-ಯೆಂಗ್. ಎಲ್ಲ ನಿನ್ನಿಂದ್ಲೇ."

"ನನ್ನಿಂದ್ಲಾ?"

"ಮತ್ತಿನ್ಯಾರಿಂದ? ನೀನು ಇವ್ರನ್ನೆಲ್ಲ ಇಟ್ಕೊಳ್ದಿದ್ರೆ ಯಾರೋ ಒಬ್ರು ಜಗಳ ಆಡ್ತಿದ್ರು. ನಾನೇ ಆಡ್ತಿದ್ದೆನೋ ಏನೋ."

"ಹಾಗಾದ್ರೆ ಈಗ ಆಡು. ಅವ್ವನ್ನ ಕರ್ಕೊಂಡೋಗು. ಬೆಳಿಗ್ಗೆ ದೋಣಿಯಲ್ಲೇ ಕೂರ್ಸಿಕೊಂಡು ಹೋಗು."

ಅವ್ವ ಆಗಲೇ ಎದ್ದು ನಿಂತಿದ್ದಳು. ಚಾಪೆ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಿದ್ದಳು. ಅಣ್ಣ ಅವಳನ್ನು ನೋಡಿದ. ಅವಳ ತಲೆಯಿಂದ ಕಾಲಿನ ತನಕ ನೋಡಿದ. ಆ ನೋಟ ಎಂಥದೆಂದು ನನಗೆ ಚೆನ್ನಾಗಿ ಗೊತ್ತು. ಅವನು ಅವಳನ್ನು ತೂಗುತ್ತಿದ್ದ.

"ಇನ್ನೆರಡು ದಿನ ಇಲ್ಲೇ ಇರವ್ವಾ," ಎಂದ.

ಮಾರನೆಯ ಬೆಳಿಗ್ಗೆ ಅವನ ದೋಣಿ ಮತ್ತೆ ನಮ್ಮದಕ್ಕೆ ತಾಗಿ ನಿಂತಿತು. ಈ ಸಲ ಅತ್ತಿಗೆ ಅಂಚಿನಲ್ಲಿ ನಿಂತಿದ್ದಳು. ಬೆನ್ನಿಗೆ ಮಗು, ಕೈಯಲ್ಲಿ ಅಕ್ಕಿಯ ಜಾಡಿ. ಅಣ್ಣ ನನ್ನ ಮುಖ ನೋಡದೆ ಎಂಜಿನ್ನನ್ನೇ ನೋಡುತ್ತಿದ್ದ. ನಮ್ಮ ದೋಣಿಯ ಅಂಚಿಗೂ ನೀರಿಗೂ ಆಗಲೇ ಅಂತರವಿರಲಿಲ್ಲ. ಕುರುಡ ಮುದುಕ ಯಾರು ಬಂದರು ಎಂದು ಕೇಳಿದ. ಎಲ್ಲರೂ ಒಬ್ಬರಿಗೊಬ್ಬರು ಒತ್ತಿಕೊಂಡು ಜಾಗ ಮಾಡಿದರು.

ಅತ್ತಿಗೆ ಅಳುತ್ತಿದ್ದಳು. ನಾನು ಕೈ ಚಾಚಿದೆ. ಇನ್ನೇನು ಮಾಡಲಿ?